ಶ್ರೀ ಕೃಷ್ಣದೇವರಾಯ (ಚಲನಚಿತ್ರ)

ಶ್ರೀ ಕೃಷ್ಣದೇವರಾಯ 1970ರಲ್ಲಿ ತೆರೆಕಂಡ ಕನ್ನಡದ ಐತಿಹಾಸಿಕ ವರ್ಣಚಿತ್ರ. ಹೊಸಪೇಟೆಯ ಸಮೀಪದ ಹಂಪಿಯನ್ನು ರಾಜಧಾನಿಯಾಗಿಸಿಕೊಂಡಿದ್ದ ವಿಜಯನಗರದ ಅರಸನ ಜೀವನವೇ ಇದರ ವಸ್ತು. ನಿರ್ಮಾಪಕರೂ ನಿರ್ದೇಶಕರೂ ಬಿ. ಆರ್. ಪಂತುಲು. ರಾಯನಾಗಿ ರಾಜ್‌ಕುಮಾರ್, ಮಹಾಮಂತ್ರಿ ತಿಮ್ಮರಸುವಾಗಿ ಸ್ವತಃ ಪಂತುಲು ಅಭಿನಯಿಸಿದ್ದಾರೆ. ಸಂಗೀತ ಟಿ. ಜಿ. ಲಿಂಗಪ್ಪ ಅವರದು.

ಗುಣದೋಷಗಳು

ರಾಯನಿಗೂ ಆತನು ‘ಅಪ್ಪಾಜಿ’ ಎಂದು ಗೌರವಿಸುತ್ತಿದ್ದ ತಿಮ್ಮರಸುವಿಗೂ ಇದ್ದ ಬಾಂಧವ್ಯವೇ ಚಿತ್ರದ ಜೀವಾಳ. ರಾಜ್‌ಕುಮಾರರ ಸ್ಫುಟವಾದ ಮಾತುಗಾರಿಕೆ ಆಸ್ಥಾನದ ದೃಶ್ಯಗಳಿಗೆ ಘನತೆ ತಂದಿದೆ. ಯುದ್ಧವೀರನ ಕಥೆಯಾದರೂ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಸಂದದ್ದು ಮಂತ್ರಿಯ ಪಾತ್ರ ವಹಿಸಿದ ಪಂತುಲು ಅವರಿಗೆ. ಚಿತ್ರದ ಬಲ ಎಲ್ಲಿದೆ ಎಂಬುದನ್ನು ಇದೂ ಸೂಚಿಸುತ್ತದೆ.

ಯುದ್ಧಚಿತ್ರಣದಲ್ಲಿ ಈ ಬಿಗಿ ಉಳಿದಿಲ್ಲ. 1509ರಿಂದ 1529ರವರೆಗಿನ ಆಳ್ವಿಕೆಯನ್ನು ಒಂದೇ ಚಿತ್ರದಲ್ಲಿ ಅಡಕಗೊಳಿಸಿರುವುದರಿಂದ ಕದನಗಳು ಅರಸನ ಪರಾಕ್ರಮದ ಪ್ರದರ್ಶನವಾಗಿಬಿಡುತ್ತವೆ. ಇತಿಹಾಸದಲ್ಲಿ ಉದಯಗಿರಿ ಕೋಟೆಯೊಂದರ ಮುತ್ತಿಗೆಯೇ ಸುಮಾರು ಒಂದೂವರೆ ವರ್ಷ ನಡೆಯಿತು. ಅಂತಹ ಮುತ್ತಿಗೆಯ ದಣಿವು, ಸಾಮಾನ್ಯ ಸೈನಿಕನ ಬವಣೆ ತೆರೆಯ ಮೇಲೆ ಹಿನ್ನೆಲೆಗೆ ಸರಿದಿವೆ. ಉದಯಗಿರಿಯ ವಿಜಯದ ನೆನಪಿಗೆ ರಾಯನು ಹಂಪಿಯಲ್ಲಿ ಕಟ್ಟಿಸಿದ ಕೃಷ್ಣ ದೇವಾಲಯದ ಪೂರ್ವ ಗೋಪುರದ ಗಾರೆಶಿಲ್ಪದಲ್ಲಾದರೋ ಆನೆ ಕುದುರೆಗಳೊಡನೆ ಗುರಾಣಿ ಹಿಡಿದ ಕಾಲಾಳುಗಳಿಗೂ ಸ್ಥಾನ ದೊರೆತಿದೆ.