ಅಮೆರಿಕದ ವಲಸೆ ಕಡತಗಳು ಮತ್ತು 2007ರ ಜುಲೈ

ಅಮೆರಿಕದಲ್ಲಿ ವಲಸೆ ಅರ್ಜಿಗಳ ವಿಳಂಬಕ್ಕೆ ಸಿಬ್ಬಂದಿಯ ಕೊರತೆಯೇ ಕಾರಣವೆಂಬ ಮಾತು ಹಳೆಯದು. ಆ ಕೊರತೆಯ ಮೂಲವಿರುವುದು ಮಾತ್ರ ಹಣಕಾಸಿನ ಏರ್ಪಾಟಿನಲ್ಲಿ. 1988ರಲ್ಲಿ ಅಲ್ಲಿನ ಶಾಸನಸಭೆಯು ಅರ್ಜಿದಾರರ ಶುಲ್ಕಕ್ಕೆಂದೇ ಪ್ರತ್ಯೇಕ ಖಾತೆಯನ್ನು ತೆರೆದು, ಪರಿಶೀಲನೆಯ ವೆಚ್ಚವನ್ನು ಅದರಿಂದಲೇ ಭರಿಸುವ ವ್ಯವಸ್ಥೆ ಮಾಡಿತು. 2003ರ ಮಾರ್ಚ್ 1ರಂದು ಹಳೆಯ ವಲಸೆ ಇಲಾಖೆ ರದ್ದಾಗಿ, ಈ ಕೆಲಸ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆಯ ಪಾಲಿಗೆ ಬಂದಾಗಲೂ ಪದ್ಧತಿ ಬದಲಾಗಲಿಲ್ಲ. ಶುಲ್ಕವು ಅರ್ಜಿಯ ಜೊತೆಗೇ ಬರುತ್ತದೆ. ಅರ್ಜಿಯನ್ನು ತೀರ್ಮಾನಿಸಬೇಕಾದ ಅಧಿಕಾರಿಯಾದರೋ ನೇಮಕಾತಿ, ಹಿನ್ನೆಲೆ ತಪಾಸಣೆ, ತರಬೇತಿಗಳನ್ನು ದಾಟಿ ತಿಂಗಳುಗಳ ಅನಂತರವಷ್ಟೇ ಕೆಲಸಕ್ಕೆ ಕೂರುತ್ತಾನೆ.

ಈ ಅಂತರದ ಪರಿಣಾಮ 2007ರಲ್ಲಿ ಢಾಳಾಗಿ ಕಂಡಿತು. ಜುಲೈ 30ರಿಂದ ಶುಲ್ಕಗಳು ಸರಾಸರಿ ಶೇ 66ರಷ್ಟು ಏರಲಿದ್ದು, ಪೌರತ್ವದ ಅರ್ಜಿಗೆ 330 ಡಾಲರ್ ಬದಲು 595 ಡಾಲರ್ ತೆರಬೇಕಾಗುತ್ತಿದ್ದುದರಿಂದ, ಮರುವರ್ಷದ ಅಧ್ಯಕ್ಷೀಯ ಚುನಾವಣೆಯ ಕಾವೂ ಸೇರಿ, ಆ ಹಣಕಾಸು ವರ್ಷದಲ್ಲಿ ಸುಮಾರು 14 ಲಕ್ಷ ಅರ್ಜಿಗಳು ಬಂದು ಬಿದ್ದವು. ಪೌರತ್ವಕ್ಕೆ 16ರಿಂದ 18 ತಿಂಗಳು ಹಿಡಿಯಬಹುದೆಂದು ಇಲಾಖೆಯೇ ಒಪ್ಪಿಕೊಂಡಿತು. ಸುಮಾರು 1,500 ಹೊಸ ಸಿಬ್ಬಂದಿಯ ನೇಮಕಕ್ಕೆ ಮುಂದಾದುದಲ್ಲದೆ ನಿವೃತ್ತರನ್ನೂ ಮರಳಿ ಕರೆಸಿಕೊಂಡಿತು. ಮರುವರ್ಷ ದಾಖಲೆಯ 10.46 ಲಕ್ಷ ಜನ ಪೌರರಾದರು.

ಗ್ರೀನ್ ಕಾರ್ಡ್, ಎಂದರೆ ಕಾಯಂ ವಾಸದ ಪರವಾನಗಿಯ ಕಥೆ ಇದಕ್ಕೆ ತದ್ವಿರುದ್ಧ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಿಗೆ ವರ್ಷಕ್ಕೆ ಸುಮಾರು 1,40,000ದ ಮಿತಿಯಿದ್ದು, ಒಂದೇ ದೇಶದವರಿಗೆ ಶೇ 7ಕ್ಕಿಂತ ಹೆಚ್ಚು ಸಿಗದಂತೆ ಕಾನೂನು ತಡೆಯುವುದರಿಂದ, ಬೆಂಗಳೂರು, ಹೈದರಾಬಾದುಗಳಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರುಗಳ ಸರದಿಯು ಅಧಿಕಾರಿಗಳನ್ನು ಎಷ್ಟು ಹೆಚ್ಚಿಸಿದರೂ ಕರಗುವಂಥದಲ್ಲ. ಅದೇ 2007ರ ಜುಲೈಗೆ ಬಹುತೇಕ ಎಲ್ಲ ಉದ್ಯೋಗ ವರ್ಗಗಳೂ ಅರ್ಜಿಗೆ ತೆರೆದಿವೆಯೆಂದು ವಿದೇಶಾಂಗ ಇಲಾಖೆ ಜೂನ್‌ನಲ್ಲಿ ಪ್ರಕಟಿಸಿತ್ತು. ಜನರು ವೈದ್ಯಕೀಯ ತಪಾಸಣೆ ಮಾಡಿಸಿ, ವಕೀಲರಿಗೆ ಹಣ ಕಟ್ಟಿ ಸಿದ್ಧರಾಗುತ್ತಿರುವಷ್ಟರಲ್ಲಿ ವಲಸೆ ಸಿಬ್ಬಂದಿ ವಾರಾಂತ್ಯದಲ್ಲೂ ದುಡಿದು ಬಾಕಿ ಕಡತಗಳನ್ನು ವಿಲೇವಾರಿ ಮಾಡಿತು. ಒಂದೇ ತಿಂಗಳಲ್ಲಿ ಸುಮಾರು 60,000 ವೀಸಾ ಸಂಖ್ಯೆಗಳು, ಎಂದರೆ ವಾರ್ಷಿಕ ಮಿತಿಯಲ್ಲಿ ಉಳಿದಿದ್ದ ಪಾಲು, ಮುಗಿದುಹೋದವೆಂದು ಜುಲೈ 2ರಂದು ಬಾಗಿಲು ಮುಚ್ಚಲಾಯಿತು. ನಿಧಾನಕ್ಕೆ ಹೆಸರಾದ ಕಚೇರಿಯೊಂದರ ಚುರುಕೇ ಅರ್ಜಿದಾರರಿಗೆ ಮುಳುವಾದುದು ವಿಚಿತ್ರವೇ ಸರಿ.

ಭಾರತೀಯ ಉದ್ಯೋಗಿಗಳು ಇದಕ್ಕೆ ಗಾಂಧಿಗಿರಿಯ, ಎಂದರೆ ಅಹಿಂಸಾ ಪ್ರತಿಭಟನೆಯ, ಉತ್ತರ ಕೊಟ್ಟರು: ಜುಲೈ 10ರಂದು ವಲಸೆ ಸೇವೆಗಳ ಇಲಾಖೆಯ ನಿರ್ದೇಶಕ ಎಮಿಲಿಯೊ ಗೊನ್ಜಾಲೆಜ್ ಅವರ ಕಚೇರಿಗೆ ನೂರಾರು ಹೂಗುಚ್ಛಗಳು ಬಂದವು, ಅವರು ಅವನ್ನು ಗಾಯಾಳು ಸೈನಿಕರ ಆಸ್ಪತ್ರೆಗಳಿಗೆ ಕಳುಹಿಸಿದರು. ಜುಲೈ 17ರಂದು ಸರ್ಕಾರ ಮಣಿದು, ಆಗಸ್ಟ್ 17ರವರೆಗೆ ಹಳೆಯ ಶುಲ್ಕದಲ್ಲೇ ಅರ್ಜಿಗಳನ್ನು ಸ್ವೀಕರಿಸಿತು. ಹೀಗೆ ಒಳಸೇರಿದ ಕಡತಗಳು ಮಿತಿಯಿಂದಾಗಿ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದವು. ಅರ್ಜಿದಾರರಿಗೆ ಕೊಡುತ್ತಿದ್ದ ಉದ್ಯೋಗ ಪರವಾನಗಿಯ ವಾರ್ಷಿಕ ನವೀಕರಣವೂ ಅದೇ ಇಲಾಖೆಯ ತಲೆಗೆ ಬಂದು, 2008ರ ಜೂನ್‌ನಲ್ಲಿ ಆ ಪರವಾನಗಿಯ ಅವಧಿಯನ್ನು ಇಂಥವರಿಗೆ ಎರಡು ವರ್ಷಕ್ಕೆ ವಿಸ್ತರಿಸಲಾಯಿತು.