ಸಂಕ್ರಾಂತಿಯ ಎಳ್ಳು: ಶಾಸನಕ್ಕೇರದ ಒಂದು ದಾನ

ಕನ್ನಡ ಶಾಸನಗಳನ್ನು ಓದಿದವರಿಗೆ ಉತ್ತರಾಯಣ ಸಂಕ್ರಮಣವು ಚಿರಪರಿಚಿತವಾದ ಪರ್ವ. ಆ ಪುಣ್ಯಕಾಲದಲ್ಲಿ ಅರಸರೂ ಸಾಮಂತರೂ ಭೂಮಿಯನ್ನು ಧಾರೆಯೆರೆದರು. ವರ್ತಕರು ಸುಂಕದ ಪಾಲನ್ನು ಬಿಟ್ಟುಕೊಟ್ಟರು. ಇದೆಲ್ಲವೂ ಕಲ್ಲಿನ ಮೇಲೆ ನಿಂತಿದೆ. ಅದೇ ಹಬ್ಬದಂದು ಹಳೆಯ ಮೈಸೂರು ಸೀಮೆಯ ಹೆಂಗಸರು ಮನೆಮನೆಗೂ ಬೀರುವ ಎಳ್ಳಿನ ವಿಷಯದಲ್ಲಾದರೋ, ನಾವು ನೋಡಿದ ಮಟ್ಟಿಗೆ, ಕಲ್ಲು ಮೌನವಾಗಿದೆ.

ಪಾಕಗ್ರಂಥಗಳಿಂದಲೂ ಹೆಚ್ಚಿನ ನೆರವು ದೊರೆಯುವುದಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸ, ಹದಿನಾರನೆಯ ಶತಮಾನದ ಆದಿಯ ಮೂರನೆಯ ಮಂಗರಸನ ಸೂಪಶಾಸ್ತ್ರ, ಇವು ಮೂರೂ ಅಡುಗೆಯ ಇತಿಹಾಸಕ್ಕೆ ಅಮೂಲ್ಯವಾದ ಆಕರಗಳು. ಆದರೆ ಇವು ಬಲ್ಲವರು ಬಲ್ಲವರಿಗಾಗಿ ಬರೆದವು. ನೆರೆಮನೆಗೆ ತಟ್ಟೆಯಲ್ಲಿ ಹೋಗುವ ತಿನಿಸಿನ ಚರಿತ್ರೆಯನ್ನು ಆ ತಿನಿಸಿನಲ್ಲಿಯೇ ಹುಡುಕಬೇಕಾಗುತ್ತದೆ.

ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ, ಕಂದು ಸಿಪ್ಪೆ ಹೆರೆದು ಚೂರುಮಾಡಿ ಬಿಸಿಲಿಗೆ ಹಾಕಿದ ಕೊಬ್ಬರಿ, ಹುರಿಗಡಲೆ, ಹುರಿದು ಬೇಳೆಮಾಡಿದ ಕಡಲೆಕಾಯಿ: ಇದೇ ಆ ಮಿಶ್ರಣ. ಇದು ಅನಾದಿಯಿಂದ ಹೀಗೆಯೇ ಬಂದಿದೆಯೆಂದು ಮನೆಯ ಹಿರಿಯರು ಹೇಳುವುದುಂಟು. ಎಳ್ಳಿನ ಮಟ್ಟಿಗೆ ಅವರ ಮಾತು ಸುಳ್ಳಲ್ಲ; ಹರಪ್ಪದ ಉತ್ಖನನದಲ್ಲಿಯೇ ಕರಿಕಾದ ಎಳ್ಳು ದೊರೆತಿದೆ. ಕಡಲೆಕಾಯಿಯ ಕಥೆ ಬೇರೆ. ಅದರ ತವರು ದಕ್ಷಿಣ ಅಮೆರಿಕ. ಐರೋಪ್ಯರ ಕಡಲ ವ್ಯಾಪಾರ ಬೆಳೆಯುವ ಮೊದಲು ಅದು ನಮ್ಮ ದೇಶದಲ್ಲಿರಲಿಲ್ಲ. ಆದಕಾರಣ ಇಂದಿನ ಮಿಶ್ರಣವನ್ನು ಮಂಗರಸನ ಕಾಲಕ್ಕೂ ಒಯ್ಯಲಾಗದು. ಆದರೂ ಪಿತೃಕಾರ್ಯಕ್ಕೆ ಒದಗುವ ಎಳ್ಳಿನ ಪಕ್ಕದಲ್ಲಿ ಈ ಪರದೇಶದ ಕಾಳು ಯಾವ ಆಕ್ಷೇಪಣೆಯೂ ಇಲ್ಲದೆ ಕುಳಿತಿದೆ! ಮಡಿಯ ಕಟ್ಟುನಿಟ್ಟಿನ ಮನೆಗಳೂ ಅದನ್ನು ಒಪ್ಪಿಕೊಂಡಿರುವುದು ವಿಚಾರಮಾಡತಕ್ಕ ಸಂಗತಿ.

ಎಳ್ಳಿನೊಡನೆ ಹೋಗುವ ಸಕ್ಕರೆ ಅಚ್ಚು ಇನ್ನೂ ಹೆಚ್ಚು ಹೇಳುತ್ತದೆ. ಸಕ್ಕರೆಯ ಪಾಕಕ್ಕೆ ಹಾಲು ಬೆರೆಸಿ ಕೊಳೆ ತೆಗೆದು, ಸೋಸಿ, ಮತ್ತೆ ಕಾಯಿಸಿ, ಬೆಳ್ಳಗಾಗುವವರೆಗೆ ತಿರುವಿ, ನೀರಿನಲ್ಲಿ ನೆನೆಸಿ ಜೋಡಿಸಿ ಕಟ್ಟಿದ ಮರದ ಅಚ್ಚಿಗೆ ಹೊಯ್ಯುತ್ತಾರೆ. ಒಂದು ಕ್ಷಣ ತಡವಾದರೆ ಪಾಕ ಪಾತ್ರೆಯಲ್ಲಿಯೇ ಗಟ್ಟಿಯಾಗುತ್ತದೆ. ಬೇಗ ಬಿಚ್ಚಿದರೆ ಗಿಳಿಯ ಕೊಕ್ಕು ಮುರಿಯುತ್ತದೆ. ಈ ಕೆಲಸಕ್ಕೆ ಶುಭ್ರವಾದ ಸಕ್ಕರೆಯೇ ಬೇಕು. ಸಕ್ಕರೆ ಹಳಗನ್ನಡ ಕವಿಗಳಿಗೂ ತಿಳಿದ ಪದಾರ್ಥವೇ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರದ ಸಕ್ಕರೆಯ ವಿಷಯವನ್ನು ಬರೆದಿದ್ದಾನೆ. 1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ರೈತರ ಬೆಲ್ಲವನ್ನು ಶುದ್ಧಿಮಾಡುವ ಕಾರ್ಖಾನೆ ಆರಂಭವಾಯಿತು. ಆದರೆ ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಕಬ್ಬು ಅರೆಯತೊಡಗಿದ ಮೇಲೆಯೇ, ಸಾಮಾನ್ಯರ ಒಲೆಯ ಮೇಲೆ ಇಷ್ಟೊಂದು ಸಕ್ಕರೆ ಕುದಿಯಲು ಸಾಧ್ಯವಾಗಿರಬೇಕೆಂದು ನಮ್ಮ ಊಹೆ. ಇದು ಊಹೆಯೇ ಹೊರತು ನಿರ್ಣಯವಲ್ಲ. ಉಳ್ಳವರ ಮನೆಯ ಅಚ್ಚುಗಳು ಅದಕ್ಕಿಂತ ಹಿಂದಿನವಾಗಿರಬಹುದು.

ನಿರ್ಣಯಕ್ಕೆ ಬೇಕಾದ ಆಕರ ಮರದ ಅಚ್ಚುಗಳೇ. ತುಳಸಿ ಬೃಂದಾವನ, ಗೋಪುರ, ಮೀನು, ಗಿಳಿ, ಕಳಶ ಇವುಗಳ ಕೆತ್ತನೆ, ಮರದ ಜಾತಿ, ತಾಯಿಯಿಂದ ಮಗಳಿಗೆ ಬಂದ ದಾರಿ, ಇದನ್ನೆಲ್ಲ ಬರೆದಿಡಬೇಕಾದ ಕಾಲ ಈಗಲೇ ಮೀರುತ್ತಿದೆ. ಎಳ್ಳೂ ಅಚ್ಚೂ ಪೊಟ್ಟಣದಲ್ಲಿ ಅಂಗಡಿಯಿಂದ ಬರುತ್ತಿರಲು, ಅಚ್ಚುಗಳು ಅಟ್ಟವನ್ನು ಸೇರಿವೆ.

ಬೀರುವ ಕ್ರಮವೂ ಗಮನಾರ್ಹ. ಹೊಸದಾಗಿ ಮದುವೆಯಾದವಳು ಐದು ವರ್ಷ ಎಳ್ಳಿನೊಡನೆ ಬಾಳೆಹಣ್ಣು ಬೀರುತ್ತಾಳೆ. ಮೊದಲ ವರ್ಷ ಐದು, ಎರಡನೆಯ ವರ್ಷ ಹತ್ತು, ಹೀಗೆ ಲೆಕ್ಕ ಏರುತ್ತದೆ. ಹೊಸ ಬೀದಿಯಲ್ಲಿ ಅವಳಿಗೆ ಗುರುತು ಹುಟ್ಟುವುದು ಹೀಗೆ. ಶಾಸನದ ದಾನ ಉಳ್ಳವನಿಂದ ದೇವರಿಗೋ ವಿಪ್ರನಿಗೋ ಒಮ್ಮೆ ಸಲ್ಲುವಂಥದು. ಇಲ್ಲಿ ಕೊಟ್ಟ ಮನೆಗೆ ಸಂಜೆಯೊಳಗೆ ಅದೇ ಎಳ್ಳು ಮರಳಿ ಬರುತ್ತದೆ. ಬಾರದಿದ್ದರೆ ಆ ಮನೆಯ ಹೆಂಗಸರಿಗೆ ಕಾರಣ ತಿಳಿದಿರುತ್ತದೆ. ಬೀರುವ ವಲಯದ ಎಲ್ಲೆ ಎಲ್ಲಿಗೆ ನಿಲ್ಲುತ್ತಿತ್ತು, ಯಾವ ಜಾತಿಯ ಮನೆಯ ಬಾಗಿಲನ್ನು ತಟ್ಟೆ ದಾಟುತ್ತಿರಲಿಲ್ಲ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.

ನಮ್ಮ ಮನೆಯ ಗಿಳಿಯಚ್ಚಿನ ಒಂದು ಹೋಳು ಮಾತ್ರ ಉಳಿದಿದೆ. ಮತ್ತೊಂದನ್ನು ಯಾವುದೋ ಹಬ್ಬದಲ್ಲಿ ನೆರೆಮನೆಯವರು ಎರವಲು ಒಯ್ದರಂತೆ. ಯಾವ ಮನೆಯೆಂದು ಹೇಳಬಲ್ಲವರು ಈಗಿಲ್ಲ.