ಮಂಡಳಿಯ ಕುರ್ಚಿಯಲ್ಲಿ ಕೂತವರು: ವಾಸ್ತುಶಿಲ್ಪಿಗಳ ಪರವಾನಗಿ ಚರಿತ್ರೆಯ ಒಂದು ಎಳೆ

ಪರವಾನಗಿ ಮಂಡಳಿಗಳ ಚರಿತ್ರೆಯನ್ನು ಕಾಯ್ದೆಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಮಂಡಳಿಯಲ್ಲಿ ಕೂತವರು ಅಲ್ಲಿಗೆ ಬರುವ ಮುಂಚೆ ಏನು ಮಾಡುತ್ತಿದ್ದರು, ಯಾರ ಕಡೆಯಿಂದ ಬಂದರು ಎಂದು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಕಾಯ್ದೆಯ ಪೀಠಿಕೆಗಿಂತ ಸದಸ್ಯರ ಪಟ್ಟಿಯೇ ಅದರ ಉದ್ದೇಶವನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ ಎಂಬುದು ಈ ಲೇಖನದ ವಾದ.

ಅಮೆರಿಕದಲ್ಲಿ ವಾಸ್ತುಶಿಲ್ಪಿಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಮೊದಲ ರಾಜ್ಯ ಇಲಿನಾಯ್, ವರ್ಷ 1897. ಐದು ಜನರ ಆ ಪರೀಕ್ಷಾ ಮಂಡಳಿಯಲ್ಲಿ ಒಂದು ಸ್ಥಾನ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಮೀಸಲು, ಉಳಿದ ನಾಲ್ಕು ವೃತ್ತಿನಿರತರಿಗೆ. ಅಧ್ಯಾಪಕರ ಸ್ಥಾನದಲ್ಲಿ ಕೂತವರು ನೇಥನ್ ಕ್ಲಿಫರ್ಡ್ ರಿಕರ್. ಮರಗೆಲಸ ಬಲ್ಲ ರಿಕರ್ 1873ರಲ್ಲಿ, ಅಮೆರಿಕದ ಕಾಲೇಜೊಂದರಿಂದ ವಾಸ್ತುಶಿಲ್ಪದ ವ್ಯಾಸಂಗ ಮುಗಿಸಿ ಹೊರಬಂದ ಮೊದಲಿಗರು; ಬರ್ಲಿನ್ನಿನಲ್ಲೂ ಕೆಲಕಾಲ ಓದಿ ಬಂದು ತಾವು ಕಲಿತಲ್ಲೇ ಮೇಷ್ಟರಾದರು. ಕಾರ್ಯದರ್ಶಿ ಪೀಟರ್ ವೈಟ್ ಅವರದು ಇನ್ನೂ ಕುತೂಹಲದ ದಾರಿ. ನ್ಯೂಯಾರ್ಕಿನಲ್ಲಿ ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್ ಕಟ್ಟಡದಿಂದ ಹೆಸರು ಮಾಡಿದ ಅವರು, 1871ರ ಮಹಾಬೆಂಕಿ ಷಿಕಾಗೋವನ್ನು ಸುಟ್ಟ ಮೇಲೆ ಅಲ್ಲಿಗೆ ಬಂದು ನೆಲೆಸಿದರು. ಮುಂದೆ ಕಬ್ಬಿಣದ ಕಂಬ-ತೊಲೆಗಳಿಗೆ ಸುಟ್ಟ ಮಣ್ಣಿನ ಹೊದಿಕೆ ಹಾಕಿ ಬೆಂಕಿಯಿಂದ ಕಾಪಾಡುವ ಗುತ್ತಿಗೆಯನ್ನೇ ಕಸುಬಾಗಿಸಿಕೊಂಡರು. ಕಾಯ್ದೆಗಾಗಿ ಓಡಾಡಿದವರಲ್ಲಿ ಪ್ರಮುಖರಾದ ಡ್ಯಾಂಕ್‌ಮಾರ್ ಆಡ್ಲರ್ ಅಂತರ್ಯುದ್ಧದಲ್ಲಿ ಸೈನಿಕರಾಗಿದ್ದವರು, ಲೂಯಿ ಸಲಿವನ್ ಜೊತೆಗೂಡಿ ಷಿಕಾಗೋದ ಆಡಿಟೋರಿಯಂ ಕಟ್ಟಿದವರು.

ಮೇಷ್ಟರು, ಗುತ್ತಿಗೆದಾರ, ಸೈನಿಕ. ಹಿನ್ನೆಲೆಗಳು ಬೇರೆಬೇರೆ, ಆದರೆ ಎಲ್ಲರೂ ಕಟ್ಟುವ ಕಡೆಯವರೇ. ಕಟ್ಟಿಸುವವರು ಒಬ್ಬರೂ ಇಲ್ಲ. ಆ ಕಾಲಕ್ಕೆ ಅದು ಯಾರಿಗೂ ಕೊರತೆ ಎನಿಸಿದಂತಿಲ್ಲ. ಬೆಂಕಿ ಮತ್ತು ಕುಸಿತದ ಭಯವಿದ್ದ ಊರಿನಲ್ಲಿ ಬಲ್ಲವರೇ ಬಲ್ಲವರನ್ನು ಅಳೆಯಲಿ ಎಂಬ ನಂಬಿಕೆ ಸಹಜವೂ ಹೌದು.

ಆ ನಂಬಿಕೆ ಅಲುಗಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ 1901ರಲ್ಲಿ ಹುಟ್ಟಿದ ಮಂಡಳಿಯೂ ಮೊದಲು ವಾಸ್ತುಶಿಲ್ಪಿಗಳದ್ದೇ. ಗ್ರಾಹಕ ಚಳವಳಿಯ ದಶಕಗಳಲ್ಲಿ ವೃತ್ತಿಯ ಹೊರಗಿನ ‘ಸಾರ್ವಜನಿಕ ಸದಸ್ಯರು’ ಒಳಬಂದರು. ಈಗಿನ ಹತ್ತು ಸದಸ್ಯರಲ್ಲಿ ಐವರು ವಾಸ್ತುಶಿಲ್ಪಿಗಳು, ಐವರು ಸಾರ್ವಜನಿಕರು. ಸಾರ್ವಜನಿಕರೆಂದರೆ ಯಾರು? ಅಲ್ಲಿನ ಕಾನೂನು ಇದನ್ನು ಯಾರು ಅಲ್ಲ ಎಂಬ ಪಟ್ಟಿಯಿಂದ ಬಿಡಿಸುತ್ತದೆ. ಆ ಮಂಡಳಿಯ ಪರವಾನಗಿ ಹಿಂದೆಂದೂ ಪಡೆದಿರಬಾರದು. ಪಡೆದವರ ಹತ್ತಿರದ ನೆಂಟರಾಗಿರಬಾರದು. ಹಿಂದಿನ ಐದು ವರ್ಷಗಳಲ್ಲಿ ಅಂಥವರ ನೌಕರರೋ ಮಾಲೀಕರೋ ಆಗಿರಬಾರದು. ಅವರ ವಹಿವಾಟಿನ ಶೇ 2ಕ್ಕಿಂತ ಹೆಚ್ಚಿನ ಕರಾರಿನಲ್ಲಿರಬಾರದು. ಇಷ್ಟು ಜರಡಿ ಹಿಡಿದ ಮೇಲೆ ಉಳಿಯುವವರಿಗೆ ಬೇರೇನು ಗೊತ್ತಿರಬೇಕು ಎಂಬುದನ್ನು ಮಾತ್ರ ಈ ಪಟ್ಟಿ ಹೇಳುವುದಿಲ್ಲ. ನಕ್ಷೆ ಓದಲು ಬಾರದವರು ನಕ್ಷೆಯ ತಕರಾರಿನಲ್ಲಿ ತೀರ್ಪು ಕೊಡುವುದು ಹೇಗೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಮಂಡಳಿಗೆ ಬರುವ ದೂರುಗಳು ನಕ್ಷೆಯದ್ದಷ್ಟೇ ಆಗಿರುವುದಿಲ್ಲ. ಬರವಣಿಗೆಯಲ್ಲಿ ಕರಾರೇ ಮಾಡಿಕೊಳ್ಳದ್ದು, ಮುಂಗಡ ಪಡೆದು ಕೆಲಸ ಬಿಟ್ಟದ್ದು ಇಂಥವೂ ಇರುತ್ತವೆ. ಅದಕ್ಕೆ ಬೇಕಾದದ್ದು ಲೋಕಾನುಭವ.

ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1997ರ ಕಾಯ್ದೆಯ ನೋಂದಣಿ ಮಂಡಳಿಯ ಮೊದಲ ರೂಪದಲ್ಲಿ ಹದಿನೈದು ಜನರಲ್ಲಿ ಎಂಟು ಮಂದಿ ವೃತ್ತಿಯ ಹೊರಗಿನವರಾಗಿದ್ದರು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಾರ್ತ್ ಕ್ಯಾರೊಲಿನಾದ ದಂತವೈದ್ಯ ಮಂಡಳಿಯ ಮೊಕದ್ದಮೆಯಲ್ಲಿ, ಪೈಪೋಟಿಯಲ್ಲಿರುವ ವೃತ್ತಿನಿರತರೇ ಹಿಡಿತ ಹೊಂದಿದ ಮಂಡಳಿಗೆ ಸರ್ಕಾರದ ಸಕ್ರಿಯ ಮೇಲ್ವಿಚಾರಣೆ ಇಲ್ಲದಿದ್ದರೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ರಕ್ಷಣೆ ಇಲ್ಲ ಎಂದಿತು. ಸದಸ್ಯರ ಹಿನ್ನೆಲೆ ಅಲ್ಲಿಗೆ ಕಾನೂನಿನ ಪ್ರಶ್ನೆಯೂ ಆಯಿತು.

ನಮ್ಮ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಲ್ಲಿ ಮಂಡಳಿಯ ಸದಸ್ಯರು ಯಾರೆಂದು ಹೇಳುವ 3ನೇ ಕಲಮನ್ನು ಈ ಬೆಳಕಿನಲ್ಲಿ ಓದಬೇಕು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಆರಿಸುವ ಐವರು, ಕಾಲೇಜುಗಳ ಮುಖ್ಯಸ್ಥರು ತಮ್ಮೊಳಗೇ ಆರಿಸುವ ಐವರು, ತಾಂತ್ರಿಕ ಶಿಕ್ಷಣ ಪರಿಷತ್ತಿನ ಇಬ್ಬರು, ರಕ್ಷಣೆ, ರೈಲ್ವೆ ಮತ್ತು ಕೇಂದ್ರ ಲೋಕೋಪಯೋಗಿ ಇಲಾಖೆಗಳ ವಾಸ್ತುಶಿಲ್ಪ ಮುಖ್ಯಸ್ಥರು, ಕರ್ನಾಟಕವೂ ಸೇರಿ ಪ್ರತಿ ರಾಜ್ಯ ಸರ್ಕಾರ ಹೆಸರಿಸುವ ಒಬ್ಬೊಬ್ಬ ವಾಸ್ತುಶಿಲ್ಪಿ, ಕೇಂದ್ರದ ಒಬ್ಬ ನಾಮನಿರ್ದೇಶಿತ. ಇವರ ಜೊತೆಗೆ ಎಂಜಿನಿಯರುಗಳ ಸಂಸ್ಥೆಯಿಂದ ಇಬ್ಬರು, ಸರ್ವೇಯರುಗಳ ಸಂಸ್ಥೆಯಿಂದ ಒಬ್ಬರು. ಹೊರಗಿನವರಿಗೆ ಬಾಗಿಲು ತೆರೆದದ್ದು ನಿಜ, ಆದರೆ ತೆರೆದದ್ದು ಪಕ್ಕದ ವೃತ್ತಿಗಳಿಗೆ. ಇದು ಮೂರು ಕಸುಬುಗಳ ನಡುವಿನ ಗಡಿ ಒಪ್ಪಂದದಂತೆ ನನಗೆ ಕಾಣುತ್ತದೆ. ಕಾಯ್ದೆ ಕಾಯ್ದಿರಿಸಿದ್ದೂ ಹೆಸರನ್ನೇ: ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವುದಕ್ಕಷ್ಟೇ ನಿರ್ಬಂಧ, ಆ ಕೆಲಸ ಮಾಡುವುದಕ್ಕಲ್ಲ ಎಂದು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಹೇಳಿತು. ನಮ್ಮ ಊರುಗಳಲ್ಲಿ ಜನ ‘ಎಂಜಿನಿಯರ್ ಹತ್ತಿರ ಪ್ಲಾನ್ ಹಾಕಿಸಿದೆ’ ಎನ್ನುವುದು ಇದರಿಂದ ಕಾನೂನಿನಲ್ಲೂ ತಪ್ಪಾಗಲಿಲ್ಲ.

ಆದರೆ ಹಾಗೆ ಪ್ಲಾನ್ ಹಾಕಿಸಿ, ಸಾಲ ಮಾಡಿ ಮನೆ ಕಟ್ಟಿಸುವವರ ಹೆಸರಿನಲ್ಲಿ 3ನೇ ಕಲಮಿನಲ್ಲಿ ಒಂದೂ ಸ್ಥಾನವಿಲ್ಲ.